ಅಜ್ಜ ಅಳಿಸಿದ ನಕ್ಷತ್ರಗಳು

ಗಂಡ ತೀರಿಕೊಂಡ ಮೇಲೆ, ಮುದ್ರಣಾಲಯದಲ್ಲಿ ಅವನು ಕೂರುತ್ತಿದ್ದ ಕುರ್ಚಿಯಲ್ಲಿ ನಾನು ಕೂತಿದ್ದೆ. ಅಲ್ಲಿನ ಯಜಮಾನರು ಒಂದು ಕೆಲಸ ಕೊಟ್ಟು ನೋಡುತ್ತೇನೆ ಎಂದಿದ್ದರು: ಪೇಟೆಯ ಕಸುಬುದಾರರ ಫೋನ್ ಕೈಪಿಡಿ. ಸಂಜೆಯೊಳಗೆ ಪುಟಗಳು ಸರಿಯಾಗಿ ಹೊರಬಂದರೆ ಕುರ್ಚಿ ನನ್ನದು. ಇಲ್ಲದಿದ್ದರೆ ಬೇರೆಯವರಿಗೆ.

ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಭಾಷೆಯಲ್ಲಿ ಒಂದು ಮ್ಯಾಕ್ರೋ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಪುಟ್ಟ ಆದೇಶ, ಬರೆದಿದ್ದೆ. ಅದು ಸಾಲಿನ ಕೊನೆಯಲ್ಲಿರುವ ಫೋನ್ ನಂಬರನ್ನು ಅಂಕಿ ಅಂಕಿಯಾಗಿ ನುಂಗಿ, ಐದಕ್ಕೊಂದು ಸಂದು ಬಿಟ್ಟು ಉಗುಳುತ್ತದೆ. ಹೊಟ್ಟೆ ತುಂಬಿತೆಂದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ನಂಬರಿನ ಕೊನೆಯಲ್ಲಿ ನಾನು ಹಾಕಿದ ನಕ್ಷತ್ರ ಚಿಹ್ನೆ ಕಂಡರೆ ಮಾತ್ರ ನಿಲ್ಲುತ್ತದೆ. ಬೆಳಿಗ್ಗೆ ಎಲ್ಲ ಸರಿಯಾಗಿತ್ತು.

ಊಟ ಮುಗಿಸಿ ಬಂದು ಮತ್ತೆ ಓಡಿಸಿದೆ. ಬಡಗಿಯ ನಂಬರಿನ ಬೆನ್ನಿಗೆ ದರ್ಜಿ, ಹಲ್ಲಿನ ಡಾಕ್ಟರು, ಬೀಗ ರಿಪೇರಿಯವನು, ಎಲ್ಲರೂ ಐದೈದು ಅಕ್ಷರದ ತುಂಡಾಗಿ ಒಂದೇ ಸಾಲಿನಲ್ಲಿ ಮೆರವಣಿಗೆ ಹೊರಟಿದ್ದರು.

ಯಜಮಾನರು ಬಗ್ಗಿ ನೋಡಿದರು. “ಇದೇನಮ್ಮಾ, ಬಕಾಸುರನನ್ನ ಸಾಕ್ಕೊಂಡಿದೀಯಾ? ಡಾಕ್ಟರನ್ನೂ ಬಿಟ್ಟಿಲ್ಲ!”

“ಒಂದು ಗಂಟೆ ಕೊಡಿ ಸಾರ್.”

“ಐದಕ್ಕೆ ಗಿರಾಕಿ ಬರ್ತಾರೆ. ಅವರನ್ನ ನುಂಗದೆ ಇದ್ರೆ ಸಾಕು.”

ಮ್ಯಾಕ್ರೋವನ್ನು ಮೇಲಿಂದ ಕೆಳಗೆ ಓದಿದೆ. ತಪ್ಪಿರಲಿಲ್ಲ. ಆಮೇಲೆ ನಂಬರುಗಳನ್ನು ನೋಡಿದೆ. ಒಂದರ ಕೊನೆಯಲ್ಲೂ ನಕ್ಷತ್ರವಿರಲಿಲ್ಲ.

ಪಕ್ಕದ ಮೇಜಿನಲ್ಲಿ, ಕರಡು ತಿದ್ದುವ ಅಜ್ಜ ಕನ್ನಡಕ ಒರೆಸುತ್ತಿದ್ದರು. “ಆ ಚುಕ್ಕಿಗಳಾ ಮಗಳೇ? ನೀನು ಊಟಕ್ಕೆ ಹೋದಾಗ ನಿನ್ನ ಕಂಪ್ಯೂಟರಿನಲ್ಲೇ ಎಲ್ಲ ತೆಗೆದುಬಿಟ್ಟೆ. ಪುಟದ ತುಂಬಾ ನೊಣ ಕೂತ ಹಾಗಿತ್ತು.”

“ಅಜ್ಜಾ, ಆ ನೊಣಗಳೇ ಅದನ್ನ ನಿಲ್ಲಿಸ್ತಾ ಇದ್ದಿದ್ದು!”

ಅಜ್ಜನ ಮುಖ ಸಪ್ಪಗಾಯಿತು. “ಆಯಸ್ಸೆಲ್ಲ ಕಸ ತೆಗೆದ ಕೈ, ಸುಮ್ನೆ ಇರಲ್ಲ. ನಿನ್ನ ಕೆಲಸಕ್ಕೇ ಕಲ್ಲು ಹಾಕಿದ್ನಲ್ಲ. ಕೊಡು, ಒಂದೊಂದಾಗಿ ವಾಪಸ್ ಹಾಕ್ತೀನಿ.”

“ಬೇಡ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೀತೀರಿ.”

“ಅದೂ ನಿಜವೇ,” ಎಂದು ನಕ್ಕರು.

ಅವರ ಕೈಯನ್ನು ತಿದ್ದಲಾಗದು. ಮ್ಯಾಕ್ರೋವನ್ನು ತಿದ್ದಬಹುದು. ಇನ್ನೊಂದು ಪುಟ್ಟ ಮ್ಯಾಕ್ರೋ ಬರೆದೆ. ಅದು ಸಾಲು ಮುಗಿಯುವವರೆಗೆ ನಂಬರನ್ನು ಎತ್ತಿಕೊಂಡು, ತಾನೇ ಒಂದು ನಕ್ಷತ್ರ ಅಂಟಿಸಿ, ಆಮೇಲೆ ಹೊಟ್ಟೆಬಾಕನ ಬಾಯಿಗೆ ಕೊಡುತ್ತದೆ. ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಪುಟಗಳು ಹೊರಬಂದವು. ಬಡಗಿ ತನ್ನ ಸಾಲಿನಲ್ಲಿ, ಡಾಕ್ಟರು ತಮ್ಮ ಸಾಲಿನಲ್ಲಿ.

ಐದಕ್ಕೆ ಗಿರಾಕಿ ಬಂದು ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಯಜಮಾನರು ನನ್ನ ಕುರ್ಚಿಯ ಬೆನ್ನು ತಟ್ಟಿದರು. “ನಿನ್ನ ಕುರ್ಚಿ ಕಿರುಗುಟ್ಟುತ್ತೆ ಕಣಮ್ಮ. ನಾಳೆ ಎಣ್ಣೆ ಹಾಕಿಸ್ತೀನಿ.”

“ಬೇಡ ಸಾರ್. ನನ್ನ ಗಂಡ ಕೂರ್ತಿದ್ದಾಗಲೂ ಹಾಗೇ ಇತ್ತು, ಹಾಗೇ ಇರಲಿ,” ಎಂದೆ. “ಅಜ್ಜನ ಕೈಗಂತೂ ಎಣ್ಣೆ ಡಬ್ಬಿ ಕೊಡಲೇಬೇಡಿ.”