ಲಾಲಸಾಬನ ಒಂದು ಮುಯ್ಯಾಳು

ಎಲ್ಲಿಂದ ಶುರು ಮಾಡಲಿ? ರಾಕೆಟ್ಟಿನಿಂದ ಎಂದರೆ, ನನ್ನ ಪೆನ್ನು ಇದುವರೆಗೆ ಬೇವಿನ ಮರದ ತುದಿ ದಾಟಿದ್ದಿಲ್ಲ. ಕಣದಿಂದಲೇ ಆಗಲಿ.

೧. ೧೯೮೬, ಶಿವರಾತ್ರಿ ಕಳೆದ ವಾರ. ಮಟಕಿ ಎಂಬ ಊರಿನಲ್ಲಿ ಬಿಳಿಜೋಳದ ರಾಶಿ ನಡೆದಿದೆ. ಲಾಲಸಾಬ ಒಂದು ಹಿಡಿ ಜೋಳ ಎತ್ತಿ ಬಿಡುತ್ತಾನೆ. ಹೊಟ್ಟು ಎತ್ತ ಹಾರುತ್ತದೆಂದು ನೋಡುತ್ತಾನೆ. ಮತ್ತೆ ಗಾಳಿಗೆ ಕಾಯುತ್ತಾನೆ. ಅಷ್ಟರಲ್ಲಿ ದೌಲತರಾಯ ಬರುತ್ತಾನೆ. ಪಕ್ಕದ ಹೊಲದ ಗುರುಬಾಯಿಯ ಮಗ, ವಾಯುಸೇನೆಯ ಟೆಸ್ಟ್ ಪೈಲಟ್, ಮುಂದಿನ ತಿಂಗಳು ಬಾಹ್ಯಾಕಾಶಕ್ಕೆ ಹೋಗುವವನು.

(ಅವನು ಆಯ್ಕೆಯಾದ ಬಗ್ಗೆ ಹನ್ನೆರಡು ಪುಟ ಬರೆದಿದ್ದೆ. ಎಂಜಿನ್ ನಿಂತ ವಿಮಾನದಲ್ಲಿ ಅವನು ಹಲ್ಲು ಕಚ್ಚಿ ಕೂತ ಸನ್ನಿವೇಶವೂ ಇತ್ತು. “ನಾ ಎಲ್ಲಿ ಹಲ್ಲ ಕಚ್ಚಿದ್ದೆರಿ? ಮೀಟರ್ ನೋಡಿ ಬರಕೋಳಾಕತ್ತಿದ್ದೆ” ಎಂದು ದೌಲತರಾಯನೇ ತಕರಾರು ತೆಗೆದ. ಹನ್ನೆರಡೂ ಹರಿದೆ.)

೨. “ಹೊಸಾ ಇಮಾನ ಹತ್ತಿ ಏನ್ ಮಾಡ್ತೀಯಲೇ ದೌಲತ್ಯಾ?”

“ಎಲ್ಲಿ ಕೈ ಕೊಡತದ ಅಂತ ನೋಡ್ತೇನಿ ಕಾಕಾ.”

“ಅಂದ್ರ ಹೋರಿ ಪಳಗಿಸೂದು. ಅದಕ್ಕ ಸರಕಾರ ಪಗಾರ ಬ್ಯಾರೆ ಕೊಡತದ!”

ಸೇನೆಯ ಪರೀಕ್ಷೆಗೆ ದೌಲತರಾಯ ಹೋದ ದಿನ ಅವನ ಬದಲು ಅವರ ಹೊಲದಲ್ಲಿ ದುಡಿದವನು ಲಾಲಸಾಬ. ಅದು ಮುಯ್ಯಾಳು: ದಿನದ ದುಡಿಮೆಗೆ ದಿನದ ದುಡಿಮೆಯೇ ತಿರುಗಿ ಬರಬೇಕು, ರೊಕ್ಕ ನಡೆಯದು. ಹದಿನೇಳು ವರ್ಷದ ಆ ಬಾಕಿ ತೀರಿಸಿಯೇ ಮೇಲೆ ಹೋಗಬೇಕೆಂದು ದೌಲತರಾಯ ಬಂದಿದ್ದಾನೆ.

೩. ದೌಲತರಾಯ ಅಂಗಿಯ ತೋಳು ಮಡಚಿ ಜೋಳದ ಬುಟ್ಟಿ ಎತ್ತಿದ. ಲಾಲಸಾಬ ಅಡ್ಡ ಬಂದ.

“ಇಡು ಕೆಳಗ.”

“ಯಾಕ ಕಾಕಾ?”

“ಇವತ್ತ ತೀರಿಸಿದಿ ಅಂದ್ರ ಈ ಊರಾಗ ನಿಂದೇನ್ ಉಳೀತು? ಬಾಕಿ ಇರ್ಲಿ. ತೀರ್ಸಾಕರ ಇಳದು ಬರ್ತಿ.”

ದೌಲತರಾಯ ಬುಟ್ಟಿ ಕೆಳಗಿಟ್ಟ. ಬುತ್ತಿ ತಂದ ಗುರುಬಾಯಿ ಮಗನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು.

“ಮ್ಯಾಲ ಕಳಸೂದು ಬರಿಯವ್ರಿಗಿ ಸಸಾರ ಅದರಿ. ಇಳಸಾಕ ಬರತದೇನ್ರಿ ನಿಮಗ?”

(ಓದುಗರೇ, ಎರಡು ಮುಕ್ತಾಯ ಬರೆದು ನೋಡಿದೆ.)

ಮುಕ್ತಾಯ ಅ: ಇಳಿದು ಬಂದ, ಜೋಳ ತೂರಿದ, ಪೇಪರಿನವರು ಫೋಟೋ ತೆಗೆದರು. (ಫೋಟೋ ಚೆನ್ನಾಗಿದೆ. ನಂಬಿಕೆ ಬರುತ್ತಿಲ್ಲ.)

ಮುಕ್ತಾಯ ಆ: ಬರೆದಿದ್ದೇನೆ. ಗುರುಬಾಯಿಯ ಎದುರು ಓದಲಾರೆ.

೩, ಮತ್ತೆ. ಇಳಿಹೊತ್ತಿಗೆ ಗಾಳಿ ಬಿತ್ತು. ಲಾಲಸಾಬ ರಾಶಿ ಅಳೆಯಲು ಕೂತ. ಕಣದಲ್ಲಿ ಮೊದಲ ಅಳತೆಗೆ ‘ಒಂದು’ ಅನ್ನುವುದಿಲ್ಲ. “ಲಾಭ... ಎರಡು... ಮೂರು...”

ದೌಲತರಾಯ ನಕ್ಕ. “ಅಲ್ಲಿ ತಿರುವಿ ಎಣಸ್ತಾರ ಕಾಕಾ. ಮೂರು, ಎರಡು, ಒಂದು, ಸೊನ್...”

ಲಾಲಸಾಬ ಅವನ ಬಾಯಿಗೆ ಕೈ ಅಡ್ಡ ಹಿಡಿದ. “ಕಣದಾಗ ಆ ಮಾತ ಅನಬ್ಯಾಡಲೇ ಹುಚ್ಚಪ್ಪ!” ಅಂಗೈಗೆ ಅಂಟಿದ್ದ ಹೊಟ್ಟು ದೌಲತರಾಯನ ಮೀಸೆಗೆ ಹತ್ತಿತು.

೪. ಈಗ ಅವನು ರಾಕೆಟ್ಟಿನಲ್ಲಿ ಕೂತಿದ್ದಾನೆ. ಕೌಂಟ್‌ಡೌನ್ ನನ್ನ ಕೈಯಲ್ಲಿದೆ.

ಮೂರು.

ಎರಡು.

ಲಾಭ.

ಮುಂದಿನ ಮಾತು ನಾನು ಬರೆಯುವುದಿಲ್ಲ. ಕಣದಲ್ಲಿ ಬುಟ್ಟಿ ಅವನು ಇಟ್ಟಲ್ಲೇ ಇದೆ.