ಅಭ್ಯಾಸದ ಬೆಂಕಿ

ಕರುಪ್ಪಯ್ಯನಿಗೆ ಬೆಂಕಿ ಎಂದರೆ ಭಯವಿರಲಿಲ್ಲ. ಭಯವಿದ್ದದ್ದು ಬೇರೆ ಇಲಾಖೆಗಳದ್ದು. ಚಿನ್ನಮನೂರಿನ ಆಸುಪಾಸಿನ ಒಂದು ಫೈರ್ ಸ್ಟೇಷನ್ನಿಗೆ ಅವನು ಅಧಿಕಾರಿ. ಎಲ್ಲಾದರೂ ಬೆಂಕಿ ಬಿದ್ದರೆ ದಾರಿ ಬಿಡಿಸಲು ಪೊಲೀಸರು ಬರಬೇಕು, ಕಾಲುವೆಯಿಂದ ನೀರೆತ್ತಲು ನೀರಾವರಿಯವರು ಹೂಂ ಅನ್ನಬೇಕು, ಸುಟ್ಟವರನ್ನು ಸಾಗಿಸಲು ಆಸ್ಪತ್ರೆಯ ವ್ಯಾನಿನಲ್ಲಿ ಡೀಸೆಲ್ ಇರಬೇಕು. ಈ ಮೂರೂ ಒಂದೇ ದಿನ ಕೂಡಿಬಂದದ್ದನ್ನು ಅವನು ಕಂಡಿರಲಿಲ್ಲ.

ಚಿನ್ನಮನೂರು ಸೇರಿದ್ದ ತೇನಿ ಆಗತಾನೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಹೊಸದೇನಾದರೂ ಬೇಕಿತ್ತು. ಒಂದು ಸಭೆಯಲ್ಲಿ ಕರುಪ್ಪಯ್ಯ ಎದ್ದು ನಿಂತು, "ಇವರನ್ನೆಲ್ಲ ಒಂದೇ ಇಲಾಖೆಯ ಕೆಳಗೆ ತನ್ನಿ" ಎಂದುಬಿಟ್ಟ. ಒಂದೇ ಇಲಾಖೆಗೆ ಒಬ್ಬನೇ ಮುಖ್ಯಸ್ಥ ಬೇಕಾಗುತ್ತದೆ, ಆ ಕುರ್ಚಿಗೆ ತನ್ನಷ್ಟು ತಕ್ಕವನು ಯಾರು ಎಂಬ ಲೆಕ್ಕವೂ ಅವನ ಮನಸ್ಸಿನ ಮೂಲೆಯಲ್ಲಿತ್ತು. ಸರ್ಕಾರ ಅವನ ಮಾತನ್ನು ಪೂರ್ತಿ ಒಪ್ಪಿತು, ಲೆಕ್ಕವನ್ನು ಮಾತ್ರ ಒಪ್ಪಲಿಲ್ಲ. ಆ ಜಿಲ್ಲೆಯ ಕಣಿವೆಯಲ್ಲಿ ಪ್ರಯೋಗಕ್ಕೆಂದು 'ಒಂದೇ ಆಪತ್ತು ಇಲಾಖೆ' ಹುಟ್ಟಿತು. ಮುಖ್ಯಸ್ಥನಾಗಿ ಬಂದವನು ಬಾಲಮುರುಗನ್. ಅಲ್ಲಿಯತನಕ ಸರ್ಕಾರಿ ಮುದ್ರಣಾಲಯ ನೋಡಿಕೊಂಡಿದ್ದವನು.

ಬಾಲಮುರುಗನ್ ಕೆಲಸಗಾರನೇ. ಮೊದಲು ಇಲಾಖೆಗೆ ಒಂದು ಚಿಹ್ನೆ ಮಾಡಿಸಿದ. ಕೆಂಪು ಬಣ್ಣ ಬೆಂಕಿ ಆರಿಸುವ ಒಂದೇ ವಿಭಾಗದ್ದಾಯಿತು ಎಂದು ಫೈರ್ ಎಂಜಿನ್ನಿಗೆ ನೀಲಿ ಬಳಿಸಿದ. ಆಮೇಲೆ, ಯಾವ ಗಾಡಿಯೂ ತೇನಿಯ ಕಂಟ್ರೋಲ್ ರೂಮಿನ ಆರ್ಡರ್ ಇಲ್ಲದೆ ಕದಲಬಾರದು ಎಂದು ಕಟ್ಟುಮಾಡಿದ. ಎದುರು ಮನೆ ಹೊತ್ತಿ ಉರಿದರೂ ಮೊದಲು ತೇನಿಗೆ ಫೋನು ಹೋಗಬೇಕು, ಅಲ್ಲಿಂದ ವೈರ್‌ಲೆಸ್ ಬರಬೇಕು.

"ಅಣ್ಣಾ, ಬೆಂಕಿಗೂ ಈ ರೂಲ್ಸು ಸೊಲ್ಲಿಬಿಟ್ಟವ್ರಾ?" ಎಂದು ಡ್ರೈವರ್ ಆಂಡಿ ಕೇಳಿದ.

"ಎಲ್ಲಾನೂ ಸರಿಯಾಯ್ತದೆ, ಪೊರುತ್ತುಕೋ, ಸ್ವಲ್ಪ ತಾಳ್ಕೋ" ಎಂದ ಕರುಪ್ಪಯ್ಯ. ತಾನೇ ಬಿತ್ತಿದ ಬೆಳೆ, ಬೈಯುವುದಕ್ಕೂ ಬಾಯಿರಲಿಲ್ಲ.

ಉದ್ಘಾಟನೆಗೆ ಮದರಾಸಿನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದರು. ಊರಾಚೆಯ ಮೈದಾನದಲ್ಲಿ ಷಾಮಿಯಾನ, ಅದರೆದುರು ಅಭ್ಯಾಸಕ್ಕೆಂದು ಕಟ್ಟಿದ ಒಂದು ತೆಂಗಿನೋಲೆ ಗುಡಿಸಲು. ಭಾಷಣಗಳು ಮುಗಿದ ಮೇಲೆ ಅದಕ್ಕೆ ಬೆಂಕಿ ಇಟ್ಟು ಆರಿಸಿ ತೋರಿಸಬೇಕು. ಕಣಿವೆಯಲ್ಲಿದ್ದ ಎಲ್ಲ ಗಾಡಿಗಳೂ ಚೆಂಡುಹೂವಿನ ಹಾರ ಹಾಕಿಸಿಕೊಂಡು ಮದುಮಕ್ಕಳಂತೆ ಸಾಲಾಗಿ ನಿಂತವು. ಅಂದರೆ ಆ ಹೊತ್ತು ಬೇರೆಲ್ಲೂ ಬೆಂಕಿ ಬೀಳುವಂತಿರಲಿಲ್ಲ.

ಬಿದ್ದದ್ದು ಕರುಪ್ಪಯ್ಯನ ಮನೆಯ ಕೊಟ್ಟಿಗೆಗೆ. ಒಲೆಯ ಬೂದಿಯಲ್ಲಿ ಕೆಂಡ ಉಳಿದಿತ್ತೋ, ಗಾಳಿ ಎಬ್ಬಿಸಿತೋ, ಅಂತೂ ಓಲೆ ಮಾಡು ಹತ್ತಿಕೊಂಡಿತು. ಹೆಂಡತಿ ಚೆಲ್ಲಮ್ಮಾಳ್ ಕೈಗೆ ಸಿಕ್ಕ ಎಮ್ಮೆಗಳ ಹಗ್ಗ ಕೊಯ್ದು ಅವನ್ನು ಹೊರಗೆ ಅಟ್ಟಿ, ಪಕ್ಕದ ಅಂಗಡಿಗೆ ಓಡಿ ಹೊಸ ನಂಬರಿಗೆ ಫೋನು ಮಾಡಿದಳು. ಕಂಟ್ರೋಲ್ ರೂಮಿನಲ್ಲಿದ್ದ ಹುಡುಗಿ ನಿವೇತಾ ಬಹಳ ವಿನಯದಿಂದ, "ಅಭ್ಯಾಸ ಇನ್ನೂ ಶುರುವಾಗಿಲ್ಲ ಅಮ್ಮಾ, ಭಾಷಣ ಮುಗಿಯಲಿ" ಎಂದು ಫೋನ್ ಇಟ್ಟಳು.

ಚೆಲ್ಲಮ್ಮಾಳ್ ಅಂಗಡಿಯವನ ಮೊಪೆಡ್ಡಿನ ಹಿಂದೆ ಕೂತು ಮೈದಾನಕ್ಕೆ ಬಂದಳು. ಮುಖವೆಲ್ಲ ಮಸಿ, ಸೆರಗಿನ ತುದಿ ಸುಟ್ಟಿತ್ತು. ಷಾಮಿಯಾನದ ನಡುವೆಯೇ ನಡೆದು ಗಂಡನ ಮುಂದೆ ನಿಂತಳು.

"ಮಾಮಾ, ಕೊಟ್ಟಿಗೆ ಉರೀತೈತೆ. ಗಾಳಿ ಮನೆ ಪಕ್ಕ ತಿರುಗೈತೆ. ನೀವು ಇಲ್ಲಿ ಹೂವು ನೋಡ್ಕೊಂಡು ಕುಂತಿದೀರಾ?"

ಕರುಪ್ಪಯ್ಯ ಬಾಲಮುರುಗನ್ನನ ಕಡೆ ನೋಡಿದ. ಮೈಕಿನಲ್ಲಿ ಒಗ್ಗಟ್ಟಿನ ಮಹಿಮೆ ನಡೆದಿತ್ತು. ಬಾಲಮುರುಗನ್ ಪಿಸುದನಿಯಲ್ಲಿ, "ಆರ್ಡರ್ ಇಲ್ಲಾಮ ವಂಡಿ ನಗರಕೂಡಾದು" ಎಂದ, ಆರ್ಡರ್ ಇಲ್ಲದೆ ಗಾಡಿ ಕದಲಕೂಡದು ಎಂದು.

ಆ ಮಾತು ಕೇಳಿ ಕರುಪ್ಪಯ್ಯನಿಗೆ ಕೋಪಕ್ಕಿಂತ ಮೊದಲು ನಾಚಿಕೆಯಾಯಿತು. ಇಷ್ಟು ವರ್ಷ ಊರವರ ಬೆಂಕಿಗೆ ಯಾರನ್ನೂ ಕೇಳದೆ ಓಡಿದವನು, ಸ್ವಂತ ಮನೆ ಉರಿಯುವಾಗ ಮುದ್ರಣಾಲಯದವನ ಮುಖ ನೋಡುತ್ತಿದ್ದ. "ಆಂಡಿ, ಎಡು ವಂಡಿನ, ತೆಗಿ ಗಾಡೀನ" ಎಂದು ನೀಲಿ ಎಂಜಿನ್ನಿಗೆ ಹತ್ತಿದ. ಚೆಲ್ಲಮ್ಮಾಳ್ ಅವನ ಪಕ್ಕಕ್ಕೇ ಏರಿದಳು. ಗಂಟೆ ಬಾರಿಸುತ್ತ, ಹಾರ ಉದುರಿಸುತ್ತ ಗಾಡಿ ಹೊರಟಿತು. ಎಂಥ ಅಭಿನಯ ಎಂದು ಮೆಚ್ಚಿದ ದೊಡ್ಡ ಅಧಿಕಾರಿ ಚಪ್ಪಾಳೆ ತಟ್ಟಿದರು; ಅವರು ತಟ್ಟಿದ ಮೇಲೆ ಮಿಕ್ಕವರು ಬಿಟ್ಟಾರೆಯೇ.

ಮನೆ ಉಳಿಯಿತು. ಕೊಟ್ಟಿಗೆ, ಹುಲ್ಲು, ಅದರೊಳಗಿದ್ದ ಎಳೆಗರು ಉಳಿಯಲಿಲ್ಲ. ಬೂದಿಯ ಪಕ್ಕದಲ್ಲಿ ತಾಯೆಮ್ಮೆ ಕೂಗುತ್ತಲೇ ಇತ್ತು. ಕರುಪ್ಪಯ್ಯ ಪೈಪು ಹಿಡಿದುಕೊಂಡೇ ನಿಂತಿದ್ದ. ನೀರು ನಿಂತದ್ದು ಅವನಿಗೆ ತಿಳಿಯಲಿಲ್ಲ.

ದೊಡ್ಡ ಅಧಿಕಾರಿ ಮರುದಿನ ಪತ್ರಿಕೆಯವರಿಗೆ ಹೇಳಿದರು: ನಿಜವಾದ ಹೆಂಗಸು, ನಿಜವಾದ ಮಸಿ, ಇಂಥ ಅಭ್ಯಾಸ ನಾನು ಎಲ್ಲೂ ಕಂಡಿಲ್ಲ, ಪ್ರಯೋಗ ಗೆದ್ದಿದೆ. ಪತ್ರಿಕೆ ಅದನ್ನು ಅಚ್ಚುಹಾಕಿತು. ಹಾಗಾಗಿ ಅದು ಅಭ್ಯಾಸವೇ ಆಯಿತು.

ಪರಿಹಾರ ಕೇಳಲು ಹೋದ ಚೆಲ್ಲಮ್ಮಾಳಿಗೆ ತಾಲ್ಲೂಕು ಕಚೇರಿಯಲ್ಲಿ, "ಅಭ್ಯಾಸದ ಬೆಂಕಿಗೆ ಪರಿಹಾರ ಇಲ್ಲಮ್ಮ" ಎಂದರು.

"ಸತ್ತ ಕರುವೂ ಅಭ್ಯಾಸಕ್ಕೇ ಸತ್ತಿತಾ?" ಎಂದು ಅವಳು ಕೇಳಿದಳು. ಅದಕ್ಕೆ ಸಂಬಂಧಪಟ್ಟ ಗುಮಾಸ್ತ ರಜೆಯಲ್ಲಿದ್ದ.

ಬಾಲಮುರುಗನ್ ಕರುಪ್ಪಯ್ಯನನ್ನು ಕರೆಸಿ ಚಹಾ ಕೊಟ್ಟ. ಪರಿಹಾರದ ಅರ್ಜಿಗೆಂದು ನಡೆಯುವ ವಿಚಾರಣೆಯಲ್ಲಿ ಅದು ಅಭ್ಯಾಸ ಎಂದು ಎಲ್ಲರೆದುರು ಒಂದು ಮಾತು ಹೇಳಿದರೆ ಉಪಮುಖ್ಯಸ್ಥನ ಹುದ್ದೆ. ನಿಜವಾದ ಬೆಂಕಿ ಎಂದರೆ ಆರ್ಡರ್ ಇಲ್ಲದೆ ಗಾಡಿ ಒಯ್ದ ತಪ್ಪು. ಕರುಪ್ಪಯ್ಯನಿಗೆ ಆ ಕುರ್ಚಿಯ ಆಸೆ ಆಗಲೂ ಪೂರ್ತಿ ಸತ್ತಿರಲಿಲ್ಲ. ರಾತ್ರಿ ಹೆಂಡತಿಗೆ ಹೇಳಿದ. ಅವಳು ಮುದ್ದೆ ತೊಳಸುತ್ತಲೇ, "ನಿಮ್ಮ ಇಷ್ಟ ಮಾಮಾ. ಆದ್ರೆ, ಆ ಎಮ್ಮೆ ಮುಂದೆ ನಿಂತು ಒಂದು ದಪ ಸೊಲ್ಲಿ ನೋಡಿ" ಎಂದಳು.

ವಿಚಾರಣೆಯಲ್ಲಿ ಅವನು, "ನಿಜವಾದ ಬೆಂಕಿ. ನಾನೇ ಗಾಡಿ ಒಯ್ದೆ" ಎಂದ. ಬೆಂಕಿಯ ಬಗ್ಗೆ ಇಷ್ಟು ತಪ್ಪು ತಿಳಿವಳಿಕೆ ಇರುವವನು ಅಗ್ನಿ ವಿಭಾಗಕ್ಕೆ ತಕ್ಕವನಲ್ಲ ಎಂದು ತೀರ್ಮಾನವಾಯಿತು. ಈಜು ಬಾರದ ಕರುಪ್ಪಯ್ಯನನ್ನು ಪ್ರವಾಹ ವಿಭಾಗಕ್ಕೆ ಹಾಕಿ, ಮಳೆ ಕಾಣದ ವೇದಸಂದೂರಿಗೆ ಕಳಿಸಿದರು. ಅಲ್ಲಿ ಒಂದು ದೋಣಿಯನ್ನು ಒಣನೆಲದ ಮೇಲೆ ಕಾಯುವುದು ಅವನ ಕೆಲಸ.

ಮೊದಲ ಭಾನುವಾರ ಮನೆಗೆ ಬಂದಾಗ ಚೆಲ್ಲಮ್ಮಾಳ್ ಕೊಟ್ಟಿಗೆಗೆ ಕಂಬ ನಿಲ್ಲಿಸಿಯಾಗಿತ್ತು.

"ಈ ದಪ ಓಲೆ ಬೇಡ, ತಗಡು ಹಾಕೋವ. ಆ ತುದಿ ಹಿಡೀರಿ" ಎಂದಳು.

ಕರುಪ್ಪಯ್ಯ ಅಂಗಿ ಕಳಚಿ ತಗಡಿನ ತುದಿ ಹಿಡಿದ.