ಶನಿವಾರದ ಚೀಲ

ಶನಿವಾರ ಮಧ್ಯಾಹ್ನದ ನಿದ್ದೆ ಪೂರ್ತಿ ಬರುವುದೂ ಇಲ್ಲ, ಬಂದರೆ ಪೂರ್ತಿ ಬಿಡುವುದೂ ಇಲ್ಲ. ಬೆಳಗಿನಿಂದ ಅಂಗಡಿಯಲ್ಲಿ ಕೂತು ದಪ್ಪಗಾದವರ ಬಟ್ಟೆ ಸಡಿಲಿಸಿ, ಇಳಿದುಹೋದವರ ಬಟ್ಟೆ ಬಿಗಿ ಮಾಡಿ ಬಂದ ಟೈಲರಮ್ಮ ಅಂಥ ನಿದ್ದೆಯಲ್ಲಿದ್ದಳು. ಅಮ್ಮ ಎನ್ನುವಷ್ಟು ವಯಸ್ಸೇನೂ ಅಲ್ಲ, ಇಪ್ಪತ್ತೆಂಟು. ಆದರೆ ಕೊರಳಿಗೆ ಟೇಪು ನೇತುಹಾಕಿಕೊಂಡ ಹೆಂಗಸನ್ನು ಜನ ಬೇರೆ ಏನೆಂದು ಕರೆದಾರು? ಮೂರನೇ ಮಹಡಿಯ ಒಂಟಿ ಕೋಣೆ. ಬಿಸಿಲು ನೆಲದ ಮೇಲೆ ತೆವಳುತ್ತ ಬಂದು ಮಂಚದ ಕಾಲಿನ ಹತ್ತಿರ ನಿಂತಿತ್ತು. ಕನಸಿನಲ್ಲಿ ಅವಳು ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು. ತೋಳು ಮುಗಿಯುತ್ತಲೇ ಇರಲಿಲ್ಲ, ಟೇಪು ಕಿಟಕಿಯಿಂದ ಇಳಿದು ಬೀದಿ ದಾಟಿ ಹೋಗುತ್ತಿತ್ತು. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ಶನಿವಾರದ ಚೀಲ ಬಂದಿತ್ತು. ಅದು ಅವಳದ್ದಲ್ಲ. ಕಳ್ಳತನ ಎಂದರೆ ಕಳ್ಳತನವೇ. ಆದರೆ ಅದು ಶುರುವಾದದ್ದು ಒಂದೇ ಒಂದು 'ಹೂಂ'ನಿಂದ. ಈ ಕೋಣೆಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಇಂಥದ್ದೇ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿ, ಒಂದು ಹೆಸರು ಓದಿ, "ನೀವೇ ಅಲ್ವಾ?" ಎಂದಿದ್ದರು. ನಿದ್ದೆಗಣ್ಣಿನಲ್ಲಿ "ಹೂಂ" ಎಂದುಬಿಟ್ಟಳು. ನಿದ್ದೆ ಹರಿದಾಗ ಮೇಜಿನ ಮೇಲೆ ಬ್ರೆಡ್ಡು, ಮೊಟ್ಟೆ, ಬೆಣ್ಣೆ, ಅಕ್ಕಿ, ಆರು ಕಿತ್ತಳೆ. ಹೆಸರು ಇಲ್ಲಿ ಮೊದಲು ಬಾಡಿಗೆಗಿದ್ದವಳದು. ಚೀಲದ ತಳದಲ್ಲಿ, ಆರ್ಡರ್ ಕೊಟ್ಟವರ ಮಾತನ್ನು ದಿನಸಿ ಅಂಗಡಿಯವರು ಅಚ್ಚು ಹಾಕಿದ ಚೀಟಿ: "ಮೊಟ್ಟೆ ಮೊದಲು ಮುಗಿಸು. ಕಿತ್ತಳೆ ಹಾಗೇ ತಿನ್ನು, ರಸ ಹಿಂಡಬೇಡ. ಅಮ್ಮ."

ಆ ಕ್ಷಣವೇ ಫೋನು ಮಾಡಿ ವಾಪಸು ಕಳಿಸಬೇಕಿತ್ತು. ಅದರ ಬದಲು ನೆಲದ ಮೇಲೆ ಕೂತು, ರಸ ಹಿಂಡದೆ, ಒಂದು ಕಿತ್ತಳೆ ತಿಂದಳು. ನಾಲ್ಕು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು ಅವಳು. ಚಿಕ್ಕಮ್ಮ ಕೆಟ್ಟವಳಲ್ಲ, ಹೊಟ್ಟೆಗೆ ಕಡಿಮೆ ಮಾಡಿದವಳಲ್ಲ. ಆದರೆ ಇದನ್ನು ಹೀಗೆ ತಿನ್ನು ಎಂದು ಯಾರೂ ಯಾವತ್ತೂ ಹೇಳಿರಲಿಲ್ಲ. ಮುಂದಿನ ವಾರ ಹೇಳಿಬಿಡುತ್ತೇನೆ ಅಂದುಕೊಂಡಳು. ಆ ಮುಂದಿನ ವಾರ ಏಳು ತಿಂಗಳಾಯಿತು.

ಚೀಟಿಗಳನ್ನು ಮಾತ್ರ ಒಂದೂ ಎಸೆದಿರಲಿಲ್ಲ. "ಆಲೂಗಡ್ಡೆ ಕಿಟಕಿ ಹತ್ತಿರ ಇಡಬೇಡ." ಅವಳು ಇಡಲಿಲ್ಲ. "ತಲೆ ಒದ್ದೆ ಇಟ್ಟುಕೊಂಡು ಮಲಗಬೇಡ." ಮಲಗಲಿಲ್ಲ. "ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಫೋನೂ ಎತ್ತಬೇಡ, ಹಸಿದುಕೊಂಡು ಮಾತ್ರ ಇರಬೇಡ." ಕಳೆದ ತಿಂಗಳ ಚೀಟಿಯನ್ನಂತೂ ಅವಳು ಎರಡೆರಡು ಸಲ ಓದಿದಳು: "ನೀನು ಚೀಲ ತಗೊಂಡೆ ಅಂತ ಅಂಗಡಿಯಿಂದ ಮೆಸೇಜು ಬಂದ ದಿನ ನನಗೆ ನಿದ್ದೆ ಬರುತ್ತೆ." ಎಲ್ಲೋ ಒಬ್ಬ ತಾಯಿ ಇವಳ ಸುಳ್ಳನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳು. ಸುಳ್ಳು ನಿಲ್ಲಿಸಿದರೆ ಆ ನಿದ್ದೆಯೂ ಹೋಗುತ್ತದೆ.

ಬಾಗಿಲು ತೆರೆದಳು. ಈ ಸಲ ಚೀಲ ತಂದವರು ಹೊಸಬರು. ಐವತ್ತು ದಾಟಿದ ದಪ್ಪ ಮನುಷ್ಯ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು.

"ಗುರುತಿನ ಕಾರ್ಡು ತೋರ್ಸಮ್ಮ," ಎಂದರು.

ಅವಳು ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದುಕೊಂಡಳು. "ಯಾವತ್ತೂ ಕೇಳಿರ್ಲಿಲ್ಲ ಅಣ್ಣ."

"ಇವತ್ತು ಕೇಳು ಅಂದಿದ್ದಾರೆ. ಕಳಿಸಿದವರೇ ಹೇಳಿರೋದು. ಕಾರ್ಡು ನೋಡ್ಬೇಕು, ಇಲ್ಲಿ ಸಹಿ ಮಾಡಿಸ್ಬೇಕು, ಸಹಿ ಅವರಿಗೆ ಹೋಗುತ್ತೆ. ಮಗಳ ಅಕ್ಷರ ನೋಡ್ಬೇಕಂತೆ." ಫೋನನ್ನು ಮುಂದೆ ಹಿಡಿದರು. ಅವಳು ಕಾರ್ಡು ತರಲು ಹೋಗದ್ದು ನೋಡಿ ದನಿ ತಗ್ಗಿಸಿದರು. "ಕಾರ್ಡು ಎಲ್ಲೋ ಇಟ್ಟು ಮರ್ತಿದೀರಾ? ಹೋಗ್ಲಿ ಬಿಡಿ, ಸಹಿ ಮಾಡಿ, ನೋಡ್ದೆ ಅಂತ ಒತ್ಕೋತೀನಿ. ಕೆಳಗೆ ಗಾಡೀಲಿ ಫ್ರೋಜನ್ ಬಟಾಣಿ ಕರಗ್ತಾ ಇದೆ."

ಎಷ್ಟು ಸುಲಭ! ಅವಳ ಬೆರಳು ಫೋನಿನ ಗಾಜಿನ ಹತ್ತಿರ ಹೋಯಿತು. ಆ ಹೆಸರು ಬರೆಯುವುದು ಕಷ್ಟವಲ್ಲ, ಏಳು ತಿಂಗಳಿಂದ ವಾರಕ್ಕೊಮ್ಮೆ ಓದಿದ್ದಳು. ಮಗಳ ಅಕ್ಷರ ಇದಲ್ಲ ಎಂದು ಆ ತಾಯಿಗೆ ಗೊತ್ತಾದರೆ ಎಂಬ ಭಯ ಅವಳಿಗಿರಲಿಲ್ಲ. ಗೊತ್ತಾಗದೆ ನಂಬಿಬಿಟ್ಟರೆ? ಈ ಸಹಿಯನ್ನು ಬೆರಳಿನಿಂದ ಸವರುತ್ತ ಕೂತುಬಿಟ್ಟರೆ? ಇಷ್ಟು ದಿನ ಅವಳು ತಿಂದದ್ದು ಅಕ್ಕಿ, ಬ್ರೆಡ್ಡು. ಇದು ಅದಲ್ಲ ಎನ್ನಿಸಿತು.

ಒಳಗೆ ಹೋಗಿ ತನ್ನದೇ ಕಾರ್ಡು ತಂದು ಕೊಟ್ಟಳು.

ಅವರು ಕನ್ನಡಕ ಏರಿಸಿ ಕಾರ್ಡು ನೋಡಿದರು, ಅವಳ ಮುಖ ನೋಡಿದರು, ಫೋನು ನೋಡಿದರು. "ಇದು ಬೇರೆ ಹೆಸರು."

"ಹೌದು. ನಾನು ಬೇರೆಯವಳೇ."

"ಹಾಗಾದ್ರೆ ಅವರಿಗೆ ಫೋನ್ ಹಚ್ಲೇಬೇಕಮ್ಮ. ರೂಲ್ಸು." ಯಾಕೆ ತಾನೇ ಕಾರ್ಡು ಕೇಳಿದೆನೋ ಎಂಬಂತೆ ತಲೆ ಕೆರೆದುಕೊಂಡು, ಹಚ್ಚಿ, ಸ್ಪೀಕರ್ ಹಾಕಿದರು.

ಒಂದೇ ರಿಂಗಿಗೆ ಎತ್ತಿದರು. "ಸಹಿ ಮಾಡಿದ್ಲಾ?"

ಏಳು ತಿಂಗಳಿಂದ ಅಚ್ಚಿನಲ್ಲಿ ಓದಿದ್ದಕ್ಕೆ ಈಗ ದನಿ ಬಂದಿತ್ತು. ಅವಳು ಅಂದುಕೊಂಡದ್ದಕ್ಕಿಂತ ತೆಳು ದನಿ. "ನಾನು ನಿಮ್ಮ ಮಗಳಲ್ಲಮ್ಮ," ಎಂದಳು. "ಅವರು ಈ ಮನೆ ಬಿಟ್ಟು ಎಂಟು ತಿಂಗಳಾಯ್ತು. ಚೀಲ ತಗೊಂಡಿದ್ದೆಲ್ಲ ನಾನು. ತಿಂದಿದ್ದೂ ನಾನೇ."

ಆ ಕಡೆ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಎಲ್ಲಾನೂ?"

"ಎಲ್ಲಾನೂ."

"ಅವಳು ಎಲ್ಲಿಗೆ ಹೋದ್ಲು?"

"ಗೊತ್ತಿಲ್ಲ. ಮನೆ ಓನರಿಗೂ ಹೇಳಿಲ್ಲ."

ತಾಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಾನು ಅವಳು ಉಣ್ತಾ ಇದಾಳೆ ಅಂತ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಬಾಗಿಲಲ್ಲಿದ್ದ ಮನುಷ್ಯ ನೆಲ ನೋಡುತ್ತ ನಿಂತಿದ್ದರು, ಬಟಾಣಿಯ ನೆನಪು ಹೋಗಿತ್ತು. ಟೈಲರಮ್ಮನಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲ ಎಂದು ನುಂಗಿಕೊಂಡಳು.

"ಅಲ್ಲಿ ಅವಳದು ಅಂತ ಏನಾದ್ರೂ ಉಳಿದಿದ್ಯಾ?" ಎಂದರು ತಾಯಿ. "ಏನಾದ್ರೂ?"

ಇತ್ತು. ಬೀರುವಿನ ಮೇಲೆ, ಕಾಗದದ ಚೀಲದಲ್ಲಿ, ಒಂದು ಬೂದು ಬಣ್ಣದ ಸ್ಕರ್ಟು. ಬಂದ ದಿನ ಕಣ್ಣಿಗೆ ಬಿದ್ದಿತ್ತು, ಮುಟ್ಟಿರಲಿಲ್ಲ. ದಿನವಿಡೀ ಬೇರೆಯವರ ಬಟ್ಟೆ ನೋಡುವವಳಿಗೆ ಮನೆಯಲ್ಲೂ ಅದು ಬೇಡವಾಗಿತ್ತು. ಈಗ ಸ್ಟೂಲು ಹತ್ತಿ ಇಳಿಸಿದಳು.

"ಹೇಗಿದೆ? ಹೇಳು."

ಕಿಟಕಿಯ ಬಿಸಿಲಿಗೆ ಕೂತು, ಅಭ್ಯಾಸಬಲದಿಂದ, ಒಳಮೈ ಹೊರಗೆ ಮಾಡಿದಳು. ಆ ಮನುಷ್ಯ ಒಳಗೆ ಬಂದು ಅವಳ ಪಕ್ಕ ಬಗ್ಗಿ ಫೋನು ಹಿಡಿದರು. ಕೋಣೆಯಲ್ಲಿ ದೂಳಿನ ಕಣಗಳು ಮೆಲ್ಲಗೆ ತೇಲುತ್ತಿದ್ದವು. ತಾನಿನ್ನೂ ಮಲಗಿಯೇ ಇದ್ದೇನೋ ಎಂದು ಅವಳಿಗೆ ಅನುಮಾನ ಬಂತು.

"ನಿಮ್ಮ ಮಗಳು ಗಿಡ್ಡ," ಎಂದಳು. "ನನ್ನ ಭುಜಕ್ಕೆ ಬಂದಾರು."

"ಹೌದು, ಹೌದು."

"ಹೊಲಿಗೆ ಅಷ್ಟಾಗಿ ಬರಲ್ಲ. ಕೈಯಲ್ಲೇ ಹೊಲಿದಿದ್ದಾರೆ. ಬೂದು ಬಟ್ಟೆಗೆ ಕಪ್ಪು ದಾರ."

"ಕಲಿಸ್ತೀನಿ ಬಾ ಅಂದ್ರೆ ಕೂತ್ರೆ ತಾನೆ!" ತಾಯಿಯ ದನಿಯಲ್ಲಿ ನಗು ಇಣುಕಿತು.

"ಸೊಂಟದ ಹುಕ್ಕು ಜರುಗಿಸಿದ್ದಾರೆ. ಒಂದ್ಸಲ. ಆಮೇಲೆ ಇನ್ನೊಂದ್ಸಲ."

"ಮೈ ತುಂಬ್ಕೊಂಡಿದ್ಲಾ? ಕಡ್ಡಿ ಹಾಗಿದ್ಲು! ಅಂದ್ರೆ ಚೆನ್ನಾಗಿ ಉಣ್ತಾ ಇದ್ಲು ಅಲ್ವಾ?"

ಟೈಲರಮ್ಮ ಸ್ಕರ್ಟು ತಿರುಗಿಸಿದಳು. ಅವಳ ಬೆರಳು ಕೆಳಗಿನ ಅಂಚಿನ ಸುತ್ತ ಹೋಗಿ ಒಂದು ಕಡೆ ನಿಂತಿತ್ತು. ಹಿಂದೆ ಅಂಗಡಿಯ ಮಿಷನ್ ಹೊಲಿಗೆ ಹಾಗೇ ಇದೆ. ಮುಂದೆ ಮಾತ್ರ ಬಿಚ್ಚಿ, ಎರಡು ಬೆರಳಿನಷ್ಟು ಇಳಿಸಿ, ವಕ್ರವಾಗಿ ಹೊಲಿಯಲಾಗಿದೆ. ಇಂಥದ್ದು ಅಂಗಡಿಗೆ ತಿಂಗಳಿಗೆ ಎರಡಾದರೂ ಬರುತ್ತದೆ.

"ಯಾಕೆ ಸುಮ್ಮನಾದೆ?"

"ಅಮ್ಮ, ಅಂಚನ್ನ ಮುಂದೆ ಮಾತ್ರ ಇಳಿಸಿದ್ದಾರೆ. ಹಿಂದೆ ಮುಟ್ಟಿಲ್ಲ."

"ಅಂದ್ರೆ?"

"ದಪ್ಪ ಆದೋರು ಸುತ್ತಲೂ ಆಗ್ತಾರೆ. ಮುಂದೆ ಮಾತ್ರ ಬಟ್ಟೆ ಮೇಲಕ್ಕೆ ಏಳೋದು..." ಪೂರ್ತಿ ಹೇಳಬೇಕಾಗಿರಲಿಲ್ಲ. ಕೇಳುತ್ತಿದ್ದವರು ಹೆತ್ತ ತಾಯಿ.

ತಾಯಿ ಕೇಳಿದರು, "ಎಷ್ಟು ತಿಂಗಳಿಗೆ ಇಳಿಸ್ತಾರೆ?"

"ಐದಕ್ಕೆ, ಆರಕ್ಕೆ."

"ಅವಳು ಹೋಗಿ ಎಂಟು."

ಡೆಲಿವರಿ ಮನುಷ್ಯ ಬಿಡುವಿದ್ದ ಕೈಯ ಬೆರಳು ಮಡಚಿ ಎಣಿಸುತ್ತಿದ್ದರು. ತಡೆಯಲಾರದೆ ಅವರೇ ಅಂದರು, "ಕೂಸಿಗೆ ಈಗ ಐದು ತಿಂಗಳಮ್ಮ. ತಲೆ ನಿಂತಿರುತ್ತೆ."

ಆ ಕಡೆಯಿಂದ ಬಂದ ಸದ್ದು ಅಳುವೋ ನಗುವೋ ಗೊತ್ತಾಗಲಿಲ್ಲ. ಆಮೇಲೆ ಅವರು ಮೂಗು ಒರೆಸಿಕೊಂಡು, "ಅಲ್ಲೇನೋ ಬರ್ಕೋಬೇಕಲ್ವೇನಪ್ಪ? ಯಾರು ತಗೊಂಡ್ರು ಅಂತ?" ಎಂದರು.

"ಹೌದಮ್ಮ. ಮನೆಯವರು ಅಂತ ಒತ್ಲಾ?"

"ಬೇಡ. ಬೇರೆಯವರು ಅಂತಲೇ ಒತ್ತು. ಚೀಲ ಕೊಟ್ಟು ಹೋಗು." ನಂತರ ದನಿ ಹತ್ತಿರ ಬಂತು. "ನೋಡು ಮಗಳೇ, ಆ ಸ್ಕರ್ಟು ಒಗೆದಿಲ್ಲ ತಾನೆ?"

"ಇಲ್ಲಮ್ಮ."

"ಒಗೀಬೇಡ. ನಾನೇ ಅಲ್ಲಿಗೆ ಬರ್ತೀನಿ."